ದೂರದ ಸ್ನೇಹ, ಹತ್ತಿರದ ಧರ್ಮ

ಸ್ನೇಹವು ಮನುಷ್ಯನ ಸಂಪತ್ತುಗಳಲ್ಲಿ ಶ್ರೇಷ್ಠವಾದುದೆಂದು ಎಲ್ಲ ಕಾಲದ ಹಿರಿಯರೂ ಹೇಳುತ್ತ ಬಂದಿದ್ದಾರೆ. ಆದರೆ ಸ್ನೇಹಿತರಲ್ಲಿ ಒಬ್ಬನು ದೂರದಲ್ಲಿಯೂ ಇನ್ನೊಬ್ಬನು ಪಕ್ಕದಲ್ಲಿಯೂ ಇರುವಾಗ ಯಾರ ಋಣವನ್ನು ಮೊದಲು ತೀರಿಸಬೇಕೆಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ದೂರದವನು ಕಣ್ಣಿಗೆ ಕಾಣದ ಕಾರಣದಿಂದಲೇ ಮನಸ್ಸಿನಲ್ಲಿ ದೊಡ್ಡವನಾಗಿ ಬೆಳೆಯುತ್ತಾನೆ. ಅವನ ದೋಷಗಳು ಮರೆಯಾಗಿ ಗುಣಗಳು ಮಾತ್ರ ಉಳಿಯುತ್ತವೆ. ಹತ್ತಿರದವನಾದರೋ ದಿನವೂ ಕಣ್ಣೆದುರಿಗಿದ್ದು, ದಿನವೂ ಏನಾದರೊಂದನ್ನು ಬೇಡುತ್ತ, ನಮ್ಮ ಎಣಿಕೆಯಲ್ಲಿ ಚಿಕ್ಕವನಾಗಿಬಿಡುತ್ತಾನೆ. ಈ ಹಳೆಯ ಪ್ರಶ್ನೆಯನ್ನು ಹದಿಹರೆಯದ ಮಕ್ಕಳಿಗಾಗಿ ತಯಾರಾದ ಒಂದು ದೂರದರ್ಶನ ಧಾರಾವಾಹಿಯು ಹೊಸ ವೇಷದಲ್ಲಿ ಮುಂದಿಟ್ಟಿದೆ. ಮಕ್ಕಳ ಮನರಂಜನೆಯೆಂದು ಹಿರಿಯರು ಅದನ್ನು ತಳ್ಳಿಹಾಕಬಹುದಾದರೂ ಅದರ ಒಡಲಲ್ಲಿರುವ ಪ್ರಶ್ನೆ ಹಿರಿಯರಿಗೂ ಸಂಬಂಧಿಸಿದ್ದೇ ಆಗಿದೆ.

'ಫೈಂಡ್ ಮಿ ಇನ್ ಪ್ಯಾರಿಸ್' ಎಂಬ ಈ ಧಾರಾವಾಹಿ 2018ರಲ್ಲಿ ಆರಂಭವಾಗಿ 2020ರ ವರೆಗೆ ಮೂರು ಭಾಗಗಳಲ್ಲಿ, ಒಂದೊಂದು ಭಾಗಕ್ಕೆ 26 ಕಂತುಗಳಂತೆ ಪ್ರಸಾರವಾಯಿತು. ಕಥಾನಾಯಕಿ ಲೆನಾ ರಷ್ಯಾದ ರಾಜಕುಮಾರಿ. 1905ರಲ್ಲಿ ಪ್ಯಾರಿಸ್ಸಿನ ಒಪೆರಾ ನೃತ್ಯಶಾಲೆಯಲ್ಲಿ ಬ್ಯಾಲೆ ಕಲಿಯುತ್ತಿರುವವಳು. ಅವಳ ಪ್ರಿಯಮಿತ್ರನಾದ ಹೆನ್ರಿ ಒಂದು ಕಂಠಾಭರಣವನ್ನು ಕಾಣಿಕೆಯಾಗಿ ಕೊಡುತ್ತಾನೆ. ಅದು ಬರಿಯ ಆಭರಣವಾಗಿರದೆ ಕಾಲವನ್ನು ದಾಟಿಸುವ ಯಂತ್ರವಾಗಿರುತ್ತದೆ. ಅದರ ಪ್ರಭಾವದಿಂದ ಲೆನಾ 2018ಕ್ಕೆ ಬಂದು ಬೀಳುತ್ತಾಳೆ. ಹೆನ್ರಿಯೋ 113 ವರ್ಷಗಳ ಆಚೆಯ ದಡದಲ್ಲಿ ಉಳಿಯುತ್ತಾನೆ. ಈಚೆಯ ದಡದಲ್ಲಿ ಅವಳಿಗೆ ಇನೆಸ್, ಜೆಫ್ ಮೊದಲಾದ ಹೊಸ ಗೆಳೆಯರು ದೊರೆಯುತ್ತಾರೆ. ಬ್ಯಾಲೆಯ ಶಿಸ್ತಿನ ಜೊತೆಗೆ ಬೀದಿ ನೃತ್ಯದ ತಂಡವೊಂದರ ಸಹವಾಸವೂ ಒದಗುತ್ತದೆ. ಆ ಯಂತ್ರವನ್ನು ಅರಸುತ್ತ ಕಾಲಸಂಗ್ರಾಹಕರೆಂಬವರು ಅವಳ ಬೆನ್ನು ಹತ್ತುತ್ತಾರೆ. ಮರಳಿ ಹೋಗಬೇಕೆಂಬ ಹಂಬಲ ಒಂದು ಕಡೆ, ಇಲ್ಲಿ ಬೇರೂರುತ್ತಿರುವ ಸ್ನೇಹ ಇನ್ನೊಂದು ಕಡೆ. ಇವೆರಡರ ಸೆಳೆತವೇ ಕಥೆಯ ತಿರುಳು.

ಕಥೆಯ ಹಿನ್ನೆಲೆ ಕಲ್ಪಿತವಾದುದಲ್ಲ. ಪ್ಯಾರಿಸ್ಸಿನ ಒಪೆರಾ ನೃತ್ಯಶಾಲೆಯು ಹದಿನಾಲ್ಕನೆಯ ಲೂಯಿ ದೊರೆಯ ಆಳ್ವಿಕೆಯಲ್ಲಿ 1713ರಲ್ಲಿ ಸ್ಥಾಪಿತವಾದ ಪುರಾತನ ಸಂಸ್ಥೆ. 1875ರಲ್ಲಿ ತೆರೆದ ಪಾಲೇ ಗಾರ್ನಿಯೇ ಎಂಬ ಭವ್ಯ ರಂಗಮಂದಿರದಲ್ಲಿ ಅದು ಬಹುಕಾಲ ನೆಲೆಸಿತ್ತು. 1987ರಲ್ಲಿ ನಗರದ ಹೊರವಲಯದ ನಾಂತೇರ್ ಎಂಬಲ್ಲಿಗೆ ಸ್ಥಳಾಂತರಗೊಂಡಿತು. ಧಾರಾವಾಹಿಯ ಚಿತ್ರೀಕರಣಕ್ಕೆ ಆ ರಂಗಮಂದಿರವನ್ನೇ ಬಳಸಿಕೊಳ್ಳಲಾಯಿತು. ಆದುದರಿಂದ ನೋಡುವ ಮಗುವಿನ ಕಣ್ಣಿಗೆ 1905 ಮತ್ತು 2018 ಒಂದೇ ಮೆಟ್ಟಿಲಿನ ಮೇಲೆ ನಿಂತಂತೆ ತೋರುತ್ತವೆ. ಕಾಲವೆಂಬುದು ದಾಟಲಾಗದ ಹೊಳೆಯಲ್ಲ, ತೆರೆದರೆ ಸಾಕಾದ ಬಾಗಿಲು ಎಂಬ ಭಾವನೆ ಮೂಡುತ್ತದೆ. ಈ ಭಾವನೆಯನ್ನೇ ವಿವೇಕದಿಂದ ಪರೀಕ್ಷಿಸಬೇಕಾಗಿದೆ.

ಮೊದಲನೆಯದಾಗಿ, ಲೆನಾಳ ಹಂಬಲ ತಪ್ಪೆ? ತಪ್ಪೆಂದು ಹೇಳಲಾಗದು. ತನ್ನವರನ್ನು ನೆನೆಯುವುದು ಕೃತಜ್ಞತೆಯ ಲಕ್ಷಣ. ಹೊಸ ಊರು ಸಿಕ್ಕಿತೆಂದು ಹಳೆಯ ಸ್ನೇಹವನ್ನು ಮರೆಯುವವನು ನಾಳೆ ಹೊಸದನ್ನೂ ಮರೆಯುತ್ತಾನೆ. ತಪ್ಪು ಹಂಬಲದಲ್ಲಿಲ್ಲ; ಅದು ಇನ್ನೊಂದು ಕಡೆಯಿಂದ ಒಳಹೊಗುತ್ತದೆ. ತಾನು ಯಾರು, ಎಲ್ಲಿಯವಳು ಎಂಬುದನ್ನು ಲೆನಾ ಮೊದಲಿಗೆ ಮುಚ್ಚಿಡುತ್ತಾಳೆ. ನಂಬುವವರಿಲ್ಲವೆಂಬ ಭಯ ಅವಳದು. ಆ ಭಯ ಸಹಜವಾದುದೇ. ಆದರೆ ಅವಳ ಬೆನ್ನ ಹಿಂದೆ ಅಪಾಯವಿದೆ, ಮತ್ತು ಆ ಅಪಾಯ ಅವಳ ಜೊತೆಗಿರುವವರನ್ನೂ ಮುಟ್ಟಬಲ್ಲದು. ಏನೂ ಅರಿಯದ ಗೆಳೆಯನು ಅವಳಿಗೆ ಸಹಾಯ ಮಾಡುವಾಗ ಯಾವುದರಲ್ಲಿ ಪಾಲುಗೊಳ್ಳುತ್ತಿದ್ದೇನೆಂಬುದನ್ನು ತಿಳಿಯದೆಯೇ ಪಾಲುಗೊಳ್ಳುತ್ತಾನೆ.

ಇಲ್ಲಿ ಸತ್ಯದ ಪ್ರಶ್ನೆ ಅಚೌರ್ಯದ ಪ್ರಶ್ನೆಯಾಗಿ ಮಾರ್ಪಡುವುದನ್ನು ಗಮನಿಸಬೇಕು. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಸಾಮಾನ್ಯವಾಗಿ ಅದನ್ನು ಹಣ, ಧಾನ್ಯ, ಒಡವೆಗಳಿಗೆ ಅನ್ವಯಿಸಿ ನೋಡುವುದು ರೂಢಿ. ಆದರೆ ಗೆಳೆಯನೊಬ್ಬನು ತನ್ನ ಧೈರ್ಯವನ್ನೂ ಸಮಯವನ್ನೂ ಕೊಡುವಾಗ, ಯಾವುದಕ್ಕಾಗಿ ಕೊಡುತ್ತಿದ್ದಾನೆಂಬುದು ಅವನಿಗೆ ತಿಳಿದಿದ್ದರೆ ಮಾತ್ರ ಅದು ದಾನ. ತಿಳಿಯಗೊಡದೆ ಪಡೆದರೆ ಅದು ಕೊಟ್ಟದ್ದಲ್ಲ, ಕೊಂಡೊಯ್ದದ್ದು. ನಿರ್ಧರಿಸುವ ಅಧಿಕಾರವನ್ನು ಅವನಿಂದ ಕಸಿದುಕೊಂಡಂತಾಯಿತು. ದೂರದ ಸ್ನೇಹವನ್ನು ಉಳಿಸಿಕೊಳ್ಳುವ ಆತುರದಲ್ಲಿ ಹತ್ತಿರದ ಸ್ನೇಹದಿಂದ ಹೀಗೆ ಸದ್ದಿಲ್ಲದೆ ಸಾಲ ತೆಗೆಯುವವರು ಕಥೆಯಲ್ಲಷ್ಟೇ ಇರುವುದಿಲ್ಲ. ಪರದೇಶದಲ್ಲಿರುವ ಮಗನಿಗೆ ಚಿಂತೆಯಾಗಬಾರದೆಂದು ಮನೆಯ ಕಷ್ಟವನ್ನು ಮುಚ್ಚಿಟ್ಟು, ಅದರ ಭಾರವನ್ನೆಲ್ಲ ಊರಿನಲ್ಲಿರುವ ಮಗಳ ಮೇಲೆ ಹೊರಿಸುವ ತಾಯ್ತಂದೆಯರೂ ಅದನ್ನೇ ಮಾಡುತ್ತಾರೆ. ಅವರ ಉದ್ದೇಶ ಮಮತೆ. ಪರಿಣಾಮ ಮಾತ್ರ ಅನ್ಯಾಯ.

ಎರಡನೆಯದು ಯಂತ್ರದ ಪ್ರಶ್ನೆ. ಲೆನಾಳ ಕಾಲದ ಪ್ಯಾರಿಸ್ಸಿನಲ್ಲಿಯೂ ದೂರವನ್ನು ಗೆಲ್ಲುವ ಯಂತ್ರಗಳಿದ್ದವು. ತಂತಿ ವರ್ತಮಾನವಿತ್ತು. ನೆಲದಡಿಯ ಕೊಳವೆಗಳಲ್ಲಿ ಗಾಳಿಯ ಒತ್ತಡದಿಂದ ಪತ್ರಗಳನ್ನು ಸಾಗಿಸುವ ಅಂಚೆ 1866ರಲ್ಲಿ ಆರಂಭವಾಗಿ 1984ರ ವರೆಗೂ ಆ ನಗರದಲ್ಲಿ ನಡೆಯಿತು. ಇವೆಲ್ಲ ಸುದ್ದಿಯನ್ನು ಸಾಗಿಸಿದವು, ದೂರವನ್ನು ಅಲ್ಲಗಳೆಯಲಿಲ್ಲ. ಕಾಗದವನ್ನು ಓದುವವನಿಗೆ ಬರೆದವನು ತನ್ನ ಬಳಿ ಇಲ್ಲವೆಂಬುದು ಅಕ್ಷರ ಅಕ್ಷರಕ್ಕೂ ನೆನಪಾಗುತ್ತಿತ್ತು. ಧಾರಾವಾಹಿಯ ಮಾಯಾಯಂತ್ರದ ಆಶ್ವಾಸನೆ ಬೇರೆ ಬಗೆಯದು. ಅಗಲಿಕೆಯೇ ಇಲ್ಲ, ಕಳೆದುದೆಲ್ಲವನ್ನೂ ಮರಳಿ ಪಡೆಯಬಹುದು, ಆದುದರಿಂದ ಯಾವುದನ್ನೂ ಕಳೆದುಕೊಳ್ಳಬೇಕಾಗಿಲ್ಲ ಎಂಬುದು ಅದರ ಮಾತು. ಕೈಯಲ್ಲಿ ಹಿಡಿಯುವ ದೂರವಾಣಿಯ ಗಾಜಿನ ಮೇಲೆ ಸಾವಿರಾರು ಮೈಲಿಗಳಾಚೆಯ ಮುಖ ಮೂಡುವ ಈ ದಿನಗಳಲ್ಲಿ ಆ ಆಶ್ವಾಸನೆ ಅರ್ಧ ನಿಜವಾದಂತೆಯೇ ತೋರುತ್ತದೆ. ಉಳಿದರ್ಧದಲ್ಲಿ ಮೋಹವಿದೆ.

ನೃತ್ಯ ಮತ್ತು ಮಾಯೆ ಒಂದೆಡೆ ಸೇರಿದಾಗ ಜೈನ ವಾಚಕರಿಗೆ ನೀಲಾಂಜನೆಯ ಪ್ರಸಂಗ ನೆನಪಾಗದೆ ಇರದು. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಿಂದ ಹತ್ತನೆಯ ಶತಮಾನದ ಪಂಪನ ಆದಿಪುರಾಣಕ್ಕೆ ಇಳಿದುಬಂದ ಆ ಕಥೆಯಲ್ಲಿ, ಋಷಭದೇವನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ದೇವನರ್ತಕಿಯ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಹೆಜ್ಜೆ ನಿಲ್ಲುವುದಿಲ್ಲ, ಸಭೆಗೆ ಏನೊಂದೂ ತಿಳಿಯುವುದಿಲ್ಲ. ಋಷಭದೇವನೊಬ್ಬನೇ ಅರಿಯುತ್ತಾನೆ; ಆ ಅರಿವೇ ಅವನ ವೈರಾಗ್ಯಕ್ಕೆ ಕಾರಣವಾಗುತ್ತದೆ. ಸಭೆಗೂ ಋಷಭದೇವನಿಗೂ ಇದ್ದ ಅಂತರವನ್ನು ವಿಚಾರಿಸಿ ನೋಡಬೇಕು. ಸಭೆಯು ಏನನ್ನೂ ಕಳೆದುಕೊಳ್ಳಲಿಲ್ಲವೆಂದು ಭಾವಿಸಿತು. ಆದುದರಿಂದಲೇ ಏನನ್ನೂ ಕಲಿಯಲಿಲ್ಲ. ಅಗಲಿಕೆಯನ್ನು ಅಗಲಿಕೆಯೆಂದು ಕಂಡವನಿಗೆ ಮಾತ್ರ ದಾರಿ ತೆರೆಯಿತು. ಮಾಯೆಯ ಕೊರತೆ ಅದರ ಅಪೂರ್ಣತೆಯಲ್ಲಿಲ್ಲ; ಪರಿಪೂರ್ಣವಾದಷ್ಟೂ ಅದು ಅರಿವಿಗೆ ಅಡ್ಡವಾಗುತ್ತದೆ.

ಹಾಗಾದರೆ ದೂರವಾದವರಿಗಾಗಿ ಮಾಡಬಹುದಾದುದು ಏನೂ ಇಲ್ಲವೆ? ಇದಕ್ಕೆ ಉತ್ತರವನ್ನು ಪ್ಯಾರಿಸ್ ನಗರದ ನಿಜವಾದ ಚರಿತ್ರೆಯೇ ಕೊಡುತ್ತದೆ. 1917ರ ಕ್ರಾಂತಿಯ ತರುವಾಯ ರಷ್ಯಾದ ಸಾಮ್ರಾಟರ ರಂಗಮಂದಿರಗಳಲ್ಲಿ ಮೆರೆದಿದ್ದ ನರ್ತಕಿಯರು ತಾಯ್ನಾಡನ್ನು ತೊರೆದು ಆ ನಗರಕ್ಕೆ ಬಂದರು. ಅವರಲ್ಲಿ ಅಗ್ರಗಣ್ಯಳಾದ ಮಟಿಲ್ಡಾ ಕ್ಷೆಸಿನ್ಸ್ಕಾಯ 1920ರಲ್ಲಿ ರಷ್ಯಾವನ್ನು ಬಿಟ್ಟಳು. 1929ರಲ್ಲಿ ಪ್ಯಾರಿಸ್ಸಿನಲ್ಲಿ ಶಾಲೆ ತೆರೆದಳು. 1971ರಲ್ಲಿ, ನೂರು ವರ್ಷಕ್ಕೆ ಸ್ವಲ್ಪವೇ ಕಡಿಮೆಯಿರುವಾಗ, ಅಲ್ಲಿಯೇ ತೀರಿಕೊಂಡಳು. ಓಲ್ಗಾ ಪ್ರಿಯೊಬ್ರಜೆನ್ಸ್ಕಾಯ ಕೂಡ ಅದೇ ನಗರದಲ್ಲಿ ದೀರ್ಘಕಾಲ ಮಕ್ಕಳಿಗೆ ನೃತ್ಯ ಕಲಿಸಿದಳು. ಅವರ ಕೊರಳಲ್ಲಿ ಕಾಲವನ್ನು ದಾಟಿಸುವ ಆಭರಣವಿರಲಿಲ್ಲ. ಬಿಟ್ಟುಬಂದ ಬೀದಿ, ರಂಗಸ್ಥಳ, ಒಡನಾಡಿಗಳು ಮರಳಿ ಸಿಗುವಂತಿರಲಿಲ್ಲ. ಆದರೆ ಅಲ್ಲಿ ಪಡೆದ ವಿದ್ಯೆಯನ್ನು ಅವರು ಎದುರಿಗಿದ್ದ ಮಕ್ಕಳ ಪಾದಗಳಿಗೆ ಇಳಿಸಿದರು. ಪ್ರಿಯೊಬ್ರಜೆನ್ಸ್ಕಾಯಳ ಬಳಿ ಕಲಿತ ತಮಾರಾ ತುಮನೋವಾ ಮತ್ತು ಐರೀನಾ ಬಾರೊನೋವಾ, ಕ್ಷೆಸಿನ್ಸ್ಕಾಯಳ ಬಳಿ ಕಲಿತ ತತಿಯಾನಾ ರಿಯಾಬುಶಿನ್ಸ್ಕಾ, ಈ ಮೂವರು ವಲಸಿಗರ ಮಕ್ಕಳು 1932ರಲ್ಲಿ ಇನ್ನೂ ಹದಿಹರೆಯದವರಾಗಿರುವಾಗಲೇ ರಂಗವೇರಿ ಜಗತ್ಪ್ರಸಿದ್ಧರಾದರು. ದೂರಕ್ಕೆ ಸಲ್ಲಬೇಕಾದ ಋಣವನ್ನು ಹತ್ತಿರದವರಿಗೆ ಸಲ್ಲಿಸಿದಾಗ ಅದು ದೂರಕ್ಕೂ ಸಂದಿತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ನ್ಯಾಯ. ವೃದ್ಧೆಯಾದ ತಾಯಿ ಸಂಜೆ ದೀಪ ಹಚ್ಚಿದ ಮೇಲೆ ಪರದೇಶದಲ್ಲಿರುವ ಮೊಮ್ಮಗನ ಮುಖವನ್ನು ದೂರವಾಣಿಯಲ್ಲಿ ನೋಡಿ ಸಂತೋಷಪಟ್ಟರೆ ಅದನ್ನು ಮೋಹವೆಂದು ಹಳಿಯುವುದು ಕಠಿಣ ಹೃದಯದ ಲಕ್ಷಣವಲ್ಲವೆ? ಹೌದು. ಆ ಸಂತೋಷದಲ್ಲಿ ದೋಷವಿಲ್ಲ. ವಸ್ತುವಿಗೆ ಅನೇಕ ಮುಖಗಳುಂಟೆಂದು ಒಪ್ಪುವವರು ಯಂತ್ರಕ್ಕೆ ಒಂದೇ ಮುಖವನ್ನು ಹಚ್ಚಲಾರರು. ಮಾತನ್ನು ಸಾಗಿಸುವ ದೃಷ್ಟಿಯಿಂದ ಅದು ಉಪಕಾರಿ. ಇಲ್ಲದಿರುವಿಕೆಯನ್ನು ಮುಚ್ಚುವ ದೃಷ್ಟಿಯಿಂದ ಅಪಕಾರಿ. ಅಳತೆಗೋಲು ಹೊರಗಿಲ್ಲ, ಆಚರಣೆಯಲ್ಲಿದೆ. ಆ ಸಂಭಾಷಣೆ ಮುಗಿದ ಮೇಲೆ ಮಗನಿಗೆ ತಾಯಿಯ ಬಳಿ ಬರಬೇಕೆಂಬ ಸಂಕಲ್ಪ ಬಲವಾಯಿತೆ, ಅಥವಾ ಬರಬೇಕಾದ ಅಗತ್ಯವೇ ತೀರಿತೆಂಬ ಸಮಾಧಾನವಾಯಿತೆ? ಮೊದಲನೆಯದಾದರೆ ಯಂತ್ರ ಸೇತುವೆ. ಎರಡನೆಯದಾದರೆ ಅದು ಇಂದ್ರನು ನಿಲ್ಲಿಸಿದ ರೂಪ.

ಇದೇ ಅಳತೆಗೋಲು ಸಂಸ್ಥೆಗಳಿಗೂ ಸಲ್ಲುತ್ತದೆ. ಬಸದಿಯ ಅಭಿಷೇಕವನ್ನು ದೂರದ ಭಕ್ತರು ಮನೆಯಲ್ಲಿಯೇ ಕುಳಿತು ನೋಡುವಂತೆ ಏರ್ಪಾಡು ಮಾಡುವುದು ಒಳ್ಳೆಯ ಸೇವೆ. ಆದರೆ ಬಸದಿಯ ಬೀದಿಯಲ್ಲಿಯೇ ಇದ್ದು, ಮೆಟ್ಟಿಲು ಹತ್ತಲಾರದೆ ಮನೆಯಲ್ಲುಳಿದ ವೃದ್ಧ ಶ್ರಾವಕನನ್ನು ಕೈಹಿಡಿದು ಕರೆತರುವವರು ಯಾರೂ ಇಲ್ಲದಿದ್ದರೆ ಆ ಸೇವೆ ಅರ್ಧವಾಯಿತು. ದೂರದ ದಾನಿಯ ಹೆಸರು ಶಿಲೆಯ ಮೇಲೆ ಮೂಡುತ್ತದೆ. ದಿನವೂ ಅಂಗಳ ಗುಡಿಸುವವನ ಹೆಸರು ಎಲ್ಲಿಯೂ ಮೂಡುವುದಿಲ್ಲ. ಇಬ್ಬರೂ ಬೇಕು. ಆದರೆ ಮೈತ್ರಿಯು ಸಕಲ ಜೀವಿಗಳ ಕುರಿತಾದ ಭಾವನೆಯಾಗಿರುವಾಗ, ಅದು ಮೊದಲು ಮೊಳೆಯಬೇಕಾದುದು ಕೈಗೆ ಎಟುಕುವ ಜೀವಿಯ ಕುರಿತು. ಎಟುಕದವರ ಮೇಲಿನ ಮೈತ್ರಿಗೆ ಖರ್ಚಿಲ್ಲ. ಎಟುಕುವವರ ಮೇಲಿನ ಮೈತ್ರಿಗೆ ತಾಳ್ಮೆ, ಸಮಯ, ಕೆಲವೊಮ್ಮೆ ಅಭಿಮಾನದ ತ್ಯಾಗವೂ ಬೇಕಾಗುತ್ತದೆ.

ಈ ಧಾರಾವಾಹಿಯನ್ನು ನೋಡುವ ಮಕ್ಕಳಿಗೆ ಹಿರಿಯರು ಹೇಳಿಕೊಡಬೇಕಾದುದು ಇಷ್ಟೇ. ಮಾಯಾಯಂತ್ರದ ವಿನೋದವನ್ನು ಸವಿಯಲಿ; ಅದರ ಜೊತೆಗೆ ಲೆನಾಳ ನೃತ್ಯವನ್ನೂ ಗಮನಿಸಲಿ. ನೃತ್ಯವನ್ನು ಕೂಡಿಡಲು ಬರುವುದಿಲ್ಲ, ನಾಳೆಗೆಂದು ಎತ್ತಿಡಲು ಬರುವುದಿಲ್ಲ. ಮಾಡುವಾಗ ಮಾತ್ರ ಅದು ಇರುತ್ತದೆ. ಜೋಡಿಯಾಗಿ ಕುಣಿಯುವವಳು ನೆಗೆದಾಗ ಅವಳನ್ನು ಹಿಡಿಯಬೇಕಾದುದು ಪಕ್ಕದಲ್ಲಿರುವವನ ಕೈಗಳೇ. ಒಂದು ಶತಮಾನದಾಚೆಯ ಕೈಗಳು ಎಷ್ಟೇ ಪ್ರಿಯವಾದರೂ ಆ ಕ್ಷಣಕ್ಕೆ ಒದಗುವುದಿಲ್ಲ. ದೂರದವರನ್ನು ನೆನೆಯುವುದು ಮನಸ್ಸಿನ ಸಂಸ್ಕಾರ. ಹತ್ತಿರದವರನ್ನು ಹಿಡಿಯುವುದು ಕೈಗಳ ಧರ್ಮ. ಮನಸ್ಸು ತನ್ನ ಕೆಲಸ ಮಾಡುತ್ತಿರುವಾಗಲೂ ಕೈಗಳು ತಮ್ಮ ಕೆಲಸವನ್ನು ಬಿಡಬಾರದು.