ಗೋಳಿನ ಊರು ಅಂತ ಹೆಸರಿಡುವವರು ಯಾರು?

ಒಂದು ಊರು ಗೋಳಿನ ಊರು ಅಂತ ಯಾರು ಹೇಳಬೇಕು? ಅಲ್ಲಿ ಬದುಕುವವರೋ, ಅಲ್ಲಿಗೆ ಯಾವತ್ತೂ ಕಾಲಿಡದವರೋ? ಇದು ಬರೀ ಪತ್ರಿಕೆಗಳ ಆಟದ ಮಾತಲ್ಲ. ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ ಇದು. ನಮ್ಮ ಕೇರಿಗಳಿಗೆ, ನಮ್ಮ ಕಸುಬಿಗೆ, ಕೊನೆಗೆ ನಮ್ಮ ಮೈಗೂ ಹೆಸರಿಟ್ಟವರು ನಾವಲ್ಲ. ಆದ್ದರಿಂದ ಇಂಥ ಪಟ್ಟಿ ಕಂಡಾಗ ಅದನ್ನು ಬರೆದ ಕೈ ಯಾವುದು ಅಂತ ಮೊದಲು ನೋಡುವುದು ನಮಗೆ ಅಭ್ಯಾಸವಾಗಿದೆ.

ಅಮೆರಿಕದ ‘ಫೋರ್ಬ್ಸ್’ ಎಂಬ ಹಣವಂತರ ಪತ್ರಿಕೆ ಕೆಲವು ವರ್ಷ ಆ ದೇಶದ ‘ಅತ್ಯಂತ ದುಃಖದ ನಗರ’ಗಳ ಪಟ್ಟಿ ಮಾಡಿತು. 2013ರ ಪಟ್ಟಿಯಲ್ಲಿ ಡೆಟ್ರಾಯಿಟ್ ಮೊದಲನೆಯದು, ಫ್ಲಿಂಟ್ ಎರಡನೆಯದು. 2019ರಲ್ಲಿ ‘ಬಿಸಿನೆಸ್ ಇನ್‌ಸೈಡರ್’ ಜನಗಣತಿ ಇಲಾಖೆಯ ಅಂಕಿಗಳನ್ನು ಹಿಡಿದು ಇನ್ನೊಂದು ಪಟ್ಟಿ ಕೊಟ್ಟಿತು. ಅದರಲ್ಲಿ ಇಂಡಿಯಾನಾ ರಾಜ್ಯದ ಗ್ಯಾರಿ ಮೊದಲನೆಯದು. ಡೆಟ್ರಾಯಿಟ್, ಫ್ಲಿಂಟ್, ಗ್ಯಾರಿ: ಮೂರರಲ್ಲೂ ಕಪ್ಪು ಜನರೇ ಹೆಚ್ಚು. ಇದು ಆಕಸ್ಮಿಕವೆ?

ಯಾವ ಅಳತೆಗೋಲಿನಿಂದ ಅಳೆದರು ನೋಡಿ. ನಿರುದ್ಯೋಗ, ಅಪರಾಧ ಸರಿ. ಅದರ ಜೊತೆಗೆ ‘ಫೋರ್ಬ್ಸ್’ ಮನೆಗಳ ಬೆಲೆ, ತೆರಿಗೆ, ಹವಾಮಾನ ಇವನ್ನೂ ಸೇರಿಸಿತು. ಕೆಲವು ವರ್ಷ ಊರಿನ ಆಟದ ತಂಡಗಳ ಸೋಲನ್ನೂ ದುಃಖದ ಲೆಕ್ಕಕ್ಕೆ ಹಾಕಿತು. ಮನೆ ಬೆಲೆ ಬಿದ್ದರೆ ಮಾರುವವನಿಗೆ ಸಂಕಟ ನಿಜ. ಬಾಡಿಗೆ ಕೊಡಲಾಗದೆ ಒದ್ದಾಡುವವನಿಗೆ? ತೆರಿಗೆ ಹೆಚ್ಚಾದರೆ ಆಸ್ತಿವಂತನಿಗೆ ತಲೆನೋವು. ಆ ತೆರಿಗೆಯಲ್ಲಿ ನಡೆಯುವ ಸರ್ಕಾರಿ ಶಾಲೆಗೆ ಮಗುವನ್ನು ಕಳಿಸುವ ತಾಯಿಗೆ? ಪಟ್ಟಿ ಬರೆದವನ ಕಣ್ಣ ಮುಂದೆ ಒಬ್ಬ ಮನುಷ್ಯನಿದ್ದಾನೆ. ಅವನಿಗೆ ಮನೆ ಇದೆ, ಕಾರು ಇದೆ, ಬೇಡ ಅನ್ನಿಸಿದರೆ ಬೇರೆ ಊರಿಗೆ ಹೋಗುವ ಅನುಕೂಲವೂ ಇದೆ. ಊರು ಬಿಡಲಾಗದವರ ಲೆಕ್ಕ ಇದರಲ್ಲಿ ಇಲ್ಲ.

ಗ್ಯಾರಿಯ ಕಥೆ ಕೇಳಬೇಕು. 1906ರಲ್ಲಿ ಉಕ್ಕಿನ ಕಂಪನಿಯೊಂದು ತನ್ನ ಕಾರ್ಖಾನೆಗಾಗಿ ಕಟ್ಟಿಸಿದ ಊರು ಅದು. ದಕ್ಷಿಣದ ಹತ್ತಿ ಹೊಲಗಳ ಜೀತದಿಂದ, ಮರಕ್ಕೆ ನೇಣು ಹಾಕುವ ಬಿಳಿಯರ ಗುಂಪುಗಳಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರಿಗೆ ಅಲ್ಲಿ ಕೂಲಿ ಸಿಕ್ಕಿತು. ಆದರೆ ವಾಸಕ್ಕೆ ಒಂದೇ ಮೂಲೆ. 1967ರಲ್ಲಿ ರಿಚರ್ಡ್ ಹ್ಯಾಚರ್ ಎಂಬ ಕಪ್ಪು ವಕೀಲ ಅಲ್ಲಿ ಮೇಯರ್ ಆಗಿ ಆರಿಸಿ ಬಂದ. ಬಿಳಿಯರು ಊರು ಬಿಟ್ಟು ಪಕ್ಕದಲ್ಲೇ ಬೇರೆ ಊರು ಕಟ್ಟಿಕೊಂಡರು. ಅಂಗಡಿ, ಬ್ಯಾಂಕು, ತೆರಿಗೆಯ ದುಡ್ಡು ಎಲ್ಲ ಅವರ ಹಿಂದೆಯೇ ಹೋಯಿತು. ಕಾರ್ಖಾನೆ ಸಾವಿರಾರು ಜನರನ್ನು ಮನೆಗೆ ಕಳಿಸಿತು. 1960ರಲ್ಲಿ 1,78,320 ಇದ್ದ ಜನಸಂಖ್ಯೆ 2020ಕ್ಕೆ 69,093ಕ್ಕೆ ಇಳಿಯಿತು. ಈಗ ಪತ್ರಿಕೆ ಬಂದು, ‘ಜನ ಬಿಟ್ಟು ಹೋಗುತ್ತಿದ್ದಾರೆ, ಆದ್ದರಿಂದ ಇದು ದುಃಖದ ನಗರ’ ಅನ್ನುತ್ತದೆ. ಯಾರು ಬಿಟ್ಟರು, ಯಾಕೆ ಬಿಟ್ಟರು ಅನ್ನೋದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಅದೇ ಗ್ಯಾರಿಯಲ್ಲಿ 1972ರ ಮಾರ್ಚ್‌ನಲ್ಲಿ ದೇಶದ ಎಲ್ಲ ಕಡೆಯಿಂದ ಸಾವಿರಾರು ಕಪ್ಪು ಜನ ಸೇರಿ ತಮ್ಮ ರಾಜಕೀಯ ಸಮಾವೇಶ ನಡೆಸಿದರು. ಅದೇ ವರ್ಷ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಹೆಸರು ಪಡೆದು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಇಂಥ ಚರಿತ್ರೆಗೂ ಆ ಪಟ್ಟಿಯಲ್ಲಿ ಅಂಕ ಇಲ್ಲ.

ಇನ್ನೊಂದು ಸತ್ಯ ಇದಕ್ಕಿಂತ ಕ್ರೂರವಾದದ್ದು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ ಬಡಾವಣೆಗಳಿಗೆ ನಾಲ್ಕು ದರ್ಜೆ ಕೊಟ್ಟಿತು. ಕಪ್ಪು ಜನ ಇದ್ದ ಬಡಾವಣೆಗೆ ಕೊನೆಯ ದರ್ಜೆ, ಕೆಂಪು ಬಣ್ಣ. ಅಂಥ ಕಡೆ ಮನೆ ಕಟ್ಟಲು, ಮನೆ ರಿಪೇರಿಗೆ ಸಾಲ ಹುಟ್ಟಲಿಲ್ಲ. ಸಾಲವಿಲ್ಲದೆ ಮನೆಗಳು ಹಾಳಾದವು. ಹಾಳಾದ ಮೇಲೆ, ‘ನೋಡಿ, ನಾವು ಹೇಳಿದ್ದು ನಿಜವಾಯಿತು’ ಅಂದರು. ಅಂದರೆ ದರ್ಜೆ ಕೊಡುವುದು ಗೋಳನ್ನು ಅಳೆಯುವ ಕೆಲಸ ಮಾತ್ರವಲ್ಲ, ಗೋಳನ್ನು ಹುಟ್ಟಿಸುವ ಕೆಲಸವೂ ಹೌದು. ಇದು ನಮಗೆ ಹೊಸ ಪಾಠವೇ? ಊರ ಬಾವಿಗೆ ಬಿಡಲಿಲ್ಲ. ನೀರಿಲ್ಲದೆ ಕೇರಿ ಕೊಳೆಯಾಯಿತು. ಆಮೇಲೆ ‘ಅವರು ಕೊಳಕರು, ಅದಕ್ಕೇ ಊರ ಹೊರಗಿದ್ದಾರೆ’ ಅಂದರು. ಮಾಡಿದ ಅನ್ಯಾಯವನ್ನು ಅನುಭವಿಸಿದವನ ಗುಣವಾಗಿ ತೋರಿಸುವುದೇ ಜಾತಿವ್ಯವಸ್ಥೆಯ ಹಳೇ ವಿದ್ಯೆ.

ಹಾಗಾದರೆ ಅಂಕಿಗಳೆಲ್ಲ ಸುಳ್ಳೆ? ಇಲ್ಲ. ಗ್ಯಾರಿಯಲ್ಲಿ ಬಡತನ ಇರೋದು ನಿಜ. ಫ್ಲಿಂಟ್‌ನಲ್ಲಿ 2014ರಲ್ಲಿ ಖರ್ಚು ಉಳಿಸಲು ಕುಡಿಯುವ ನೀರಿನ ಮೂಲ ಬದಲಿಸಿದಾಗ ನಲ್ಲಿಯಲ್ಲಿ ಸೀಸದ ವಿಷ ಬಂದದ್ದೂ ನಿಜ. ‘ಪಟ್ಟಿ ಏನಾದರೂ ಹೇಳಲಿ, ಅಲ್ಲಿನ ಜನ ಹಾಡ್ತಾರೆ, ಕುಣೀತಾರೆ, ಬಡತನದಲ್ಲೂ ಸುಖವಾಗಿದ್ದಾರೆ’ ಅನ್ನುವ ದಯಾಳುಗಳೂ ಇದ್ದಾರೆ. ನಮಗೆ ಇವರ ಮೇಲೂ ಅಷ್ಟೇ ಅನುಮಾನ. ನಮ್ಮ ತಮಟೆಯ ಸದ್ದು ಕೇಳಿ ‘ಎಷ್ಟು ಸಂತೋಷದ ಜನ’ ಅಂದವರು ನಮ್ಮ ಕೂಲಿ ಎಷ್ಟು ಅಂತ ಕೇಳಲಿಲ್ಲ. ನಗು ಇದೆ ಅನ್ನೋ ಕಾರಣಕ್ಕೆ ಅನ್ಯಾಯ ಇಲ್ಲ ಅಂತ ಆಗೋದಿಲ್ಲ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಭಾರತದ ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ನೆಲೆ ಅಂತ ಖಂಡಿಸಿದರು. ಹಳ್ಳಿಯನ್ನು ಪೂಜಿಸುವವರಿಗೆ ಸಿಟ್ಟು ಬಂತು. ಅದೂ ಒಂದು ಕಠಿಣ ತೀರ್ಪೇ. ಆದರೆ ಅದು ಕೇರಿಯಲ್ಲಿ ನಿಂತು ಊರನ್ನು ನೋಡಿದವರ ತೀರ್ಪು. ಅದು ಹಳ್ಳಿಗೆ ನಂಬರು ಕೊಡಲಿಲ್ಲ, ಹಳ್ಳಿಯಲ್ಲಿ ಯಾರ ಮೇಲೆ ಯಾರು ಕೂತಿದ್ದಾರೆ ಅಂತ ತೋರಿಸಿತು. ನಮಗೆ ಬೇಕಾದ ವ್ಯತ್ಯಾಸ ಇದೇ.

ನಮ್ಮ ನೆಲದಲ್ಲೂ ಒಂದು ಗ್ಯಾರಿ ಇದೆ: ಕೋಲಾರದ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಆ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆ ಬೆಳಕಿನ ಕೆಳಗೆ ಭೂಮಿಯ ಆಳಕ್ಕಿಳಿದು, ಕಲ್ಲಿನ ದೂಳು ಕುಡಿದು ಎದೆ ಕೆಡಿಸಿಕೊಂಡವರಲ್ಲಿ ಬಹುಪಾಲು ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ದಿಬ್ಬಗಳು ಉಳಿದವು. ಗಣಿಯವರ ಮಕ್ಕಳು ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಆ ಬೆಂಗಳೂರಿಗೆ 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಸುಗಮ ಜೀವನ’ದ ಪಟ್ಟಿಯಲ್ಲಿ, ಹತ್ತು ಲಕ್ಷ ಮೀರಿದ ನಗರಗಳ ಪೈಕಿ, ಮೊದಲ ಸ್ಥಾನ ಕೊಟ್ಟಿತು. ಯಾರ ಜೀವನ ಸುಗಮ? ಬೆಳಗಿನ ಜಾವ ಆ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸಿನದೋ, ಆ ಬೀದಿಯಲ್ಲಿ ವಾಕಿಂಗ್ ಹೋಗುವವನದೋ? ನಂಬರು ಇಬ್ಬರನ್ನೂ ಕೂಡಿಸಿ ಭಾಗಿಸಿಬಿಡುತ್ತದೆ. ಒಬ್ಬರ ಸುಖ ಇನ್ನೊಬ್ಬರ ದುಡಿಮೆಯಿಂದ ಹುಟ್ಟಿದ್ದು ಅನ್ನೋದು ಆ ಭಾಗಾಕಾರದಲ್ಲಿ ಮಾಯವಾಗುತ್ತದೆ.

ಲೆಕ್ಕ ಬೇಡ ಅಂತ ನಾವು ಹೇಳುತ್ತಿಲ್ಲ. ಲೆಕ್ಕ ಇಲ್ಲದೆ ಮೀಸಲಾತಿಯೂ ಇಲ್ಲ, ಭೂಮಿಯ ಹೋರಾಟವೂ ಇಲ್ಲ. ಆದರೆ ಪ್ರಶ್ನೆಗಳನ್ನು ಬರೆಯುವವರು ಅಲ್ಲಿ ಬದುಕುವವರೇ ಆಗಬೇಕು. ಹಳ್ಳಿಯ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗ ಹುಡುಗಿಯರು ತಮ್ಮ ಕೇರಿಯಿಂದಲೇ ಇದನ್ನು ಶುರು ಮಾಡಬಹುದು. ನೀರು ಎಷ್ಟು ದೂರ ಅಂತ ಮಾತ್ರ ಬರೆಯಬೇಡಿ, ಹತ್ತಿರದ ನೀರನ್ನು ಯಾರು ತಡೆದರು ಅಂತಲೂ ಬರೆಯಿರಿ. ಎಷ್ಟು ಜನ ಗುಳೆ ಹೋದರು ಅಂತ ಬರೆದ ಮೇಲೆ, ಅವರ ಜಮೀನು ಯಾರ ಹೆಸರಿನಲ್ಲಿದೆ ಅಂತ ಪಹಣಿ ತೆಗೆಸಿ ನೋಡಿ. ಅಂಥ ಪಟ್ಟಿಯಲ್ಲಿ ಊರಿಗೆ ಯಾವ ಸ್ಥಾನವೂ ಸಿಗುವುದಿಲ್ಲ. ಜವಾಬು ಕೊಡಬೇಕಾದವರ ಹೆಸರು ಸಿಗುತ್ತದೆ.