ನೇತ್ರಾಣಿಗೆ ಹೊರಡುವ ಮುಂಚೆ (ಅಪೊಸ್ತಲರ ಕೃತ್ಯಗಳು 27)

ಕೂತ್ಕೊಳ್ಳಿ. ಸತ್ಯವೇದ ತಂದವರು ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ತೆಗೀರಿ. ಮೊಬೈಲ್‌ನಲ್ಲಿ ಓದೋರು ಬೈಬಲ್ ಆ್ಯಪ್ ಮಾತ್ರ ತೆಗೀರಿ, ವಾಟ್ಸಾಪ್ ಆಮೇಲೆ.

ವಾಟ್ಸಾಪ್ ಅಂದದ್ದಕ್ಕೆ ಕಾರಣ ಇದೆ. ಮೂರು ವಾರದಿಂದ ನಮ್ಮ ಯೂತ್ ಗ್ರೂಪಲ್ಲಿ ಒಂದೇ ಮಾತು, ನೇತ್ರಾಣಿ. ದಸರಾ ರಜೆ, ಬೆಂಗಳೂರಿನಿಂದ ಮುರ್ಡೇಶ್ವರಕ್ಕೆ ರಾತ್ರಿ ರೈಲು, ಅಲ್ಲಿಂದ ಬೋಟು, ಸ್ಕೂಬಾ. ಬೇಡ ಅನ್ನೋಕೆ ನಾನಿಲ್ಲಿ ನಿಂತಿಲ್ಲ. ನಾನೂ ಬರ್ತೀನಿ. ಆದರೆ ಗ್ರೂಪಲ್ಲಿ ಒಂದು ಮೆಸೇಜ್ ಬಂತು: "ಪ್ರಾರ್ಥನೆ ಮಾಡಿ ಹೊರಡೋಣ, ಆಗದಿದ್ರೆ ಏನು ಅಂತ ಯೋಚಿಸೋದೇ ಅವಿಶ್ವಾಸ." ಅದಕ್ಕೆ ಇಪ್ಪತ್ತು ಜನ ಆಮೆನ್ ಹಾಕಿದ್ರಿ. ಇವತ್ತಿನ ವಾಕ್ಯ ಆ ಇಪ್ಪತ್ತು ಆಮೆನ್‌ಗಳಿಗೆ.

ಮೊದಲು ಜಾಗದ ಬಗ್ಗೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಭಟ್ಕಳ ತಾಲೂಕಿನ ಕಡಲಲ್ಲಿದೆ. ಮಲ್ಪೆಯ ಸೇಂಟ್ ಮೇರೀಸ್ ಹಾಗೆ ಅರ್ಧ ಗಂಟೇಲಿ ಹೋಗಿ ಮರಳಲ್ಲಿ ಓಡಾಡಿ ಬರೋ ಜಾಗ ಅಲ್ಲ. ಅಲ್ಲಿ ಊರಿಲ್ಲ, ಅಂಗಡಿ ಇಲ್ಲ. ಕಡಿದಾದ ಬಂಡೆ, ಸುತ್ತ ಆಳವಾದ ನೀರು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು. ಬೋಟಿನಿಂದಲೇ ನೀರಿಗೆ ಇಳೀಬೇಕು, ಬೋಟಿಗೇ ಹತ್ತಬೇಕು.

ನಾನು ಬೆಳೆದದ್ದು ಗಂಗೊಳ್ಳಿ ಕಡೆ. ನಮ್ಮೂರಲ್ಲಿ ಕಡಲಿಗೆ ಇಳಿಯೋಕೆ ಒಂದು ಕಾಲ ಅಂತ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ನೂಲು ಹುಣ್ಣಿಮೆ ಹತ್ತಿರ ಬಂದ ಮೇಲೇ ಕಡಲು ಸ್ವಲ್ಪ ಸಮಾಧಾನಕ್ಕೆ ಬರೋದು. ಹಾಗಂತ ಅಕ್ಟೋಬರ್ ಬಂದ್ರೆ ಎಲ್ಲಾ ಸರಿ ಅಂತೇನಿಲ್ಲ. 2019ರಲ್ಲಿ ಕ್ಯಾರ್ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಎದ್ದಿದ್ದು ಅಕ್ಟೋಬರ್‌ನಲ್ಲೇ. ನೆನಪಿಟ್ಕೊಳ್ಳಿ, ನಮ್ಮ ಟಿಕೆಟ್ ಬುಕ್ ಆಗಿರೋದೂ ಅದೇ ತಿಂಗಳಿಗೆ.

ಈಗ 9ನೇ ವಚನ ನೋಡಿ. ಉಪವಾಸದ ದಿನ ಆಗಲೇ ಕಳೆದುಹೋಗಿತ್ತು ಅಂತ ಲೂಕನು ಬರೀತಾನೆ. ಅದು ಯೆಹೂದ್ಯರ ದೋಷಪರಿಹಾರಕ ದಿನ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬರುತ್ತೆ. ಸೆಪ್ಟೆಂಬರ್ ಮಧ್ಯದ ನಂತರ ಸಮುದ್ರ ಅಪಾಯ, ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಪೂರ್ತಿ ಬಂದ್ ಅಂತ ರೋಮಿನ ಲೇಖಕ ವೆಜೀಷಿಯಸ್ ಬರೆದಿಟ್ಟಿದ್ದಾನೆ. ನಮ್ಮ ಕರಾವಳಿಯವರ ಲೆಕ್ಕ ಬೇರೆ ತಿಂಗಳು, ಲೆಕ್ಕ ಹಾಕೋ ರೀತಿ ಒಂದೇ.

ಪೌಲ ಕ್ರೇತ ದ್ವೀಪದಲ್ಲಿ ಎಚ್ಚರಿಕೆ ಕೊಡ್ತಾನೆ: ಈಗ ಹೊರಟರೆ ಸರಕಿಗೂ ಹಡಗಿಗೂ ಪ್ರಾಣಕ್ಕೂ ನಷ್ಟ ಅಂತ. ಇಲ್ಲಿ ಒಂದು ಗಮನಿಸಿ. "ಕರ್ತನು ನನಗೆ ಹೇಳಿದನು" ಅಂತ ಅವನು ಇಲ್ಲಿ ಹೇಳೋದಿಲ್ಲ, ನನಗೆ ಹೀಗೆ ಕಾಣುತ್ತೆ ಅಂತಾನೆ. ಈ ಪ್ರಯಾಣಕ್ಕೆ ಮುಂಚೆಯೇ ಅವನು ಮೂರು ಸಲ ಹಡಗು ಒಡೆದ ಅನುಭವ ಕಂಡವನು, ಒಂದು ರಾತ್ರಿ ಒಂದು ಹಗಲು ನೀರಲ್ಲೇ ಇದ್ದವನು. ಎರಡನೆಯ ಕೊರಿಂಥ 11 ಓದಿ. ಅನುಭವದಿಂದ ಮಾತಾಡ್ತಾನೆ. ನಮ್ಮಲ್ಲಿ ಪ್ರವಾದನೆ ಅಂದ್ರೆ ಕಿವಿ ನಿಮಿರುತ್ತೆ, ಅನುಭವಸ್ಥರು ಸುಮ್ಮನೆ ಹೇಳಿದ್ರೆ "ಅಂಕಲ್‌ಗೆ ವಿಶ್ವಾಸ ಕಡಿಮೆ" ಅಂತೀವಿ. ಅಲ್ವಾ?

ಶತಾಧಿಪತಿ ಪೌಲನ ಮಾತು ಬಿಟ್ಟು ಹಡಗಿನ ಯಜಮಾನನ ಮಾತು ಕೇಳಿದ. ಹೆಚ್ಚಿನವರೂ ಹೊರಡೋಣ ಅಂದ್ರು. ಪೋಲ್ ಹಾಕಿದ ಹಾಗೆ! ಆಮೇಲೆ 13ನೇ ವಚನ. ತೆಂಕಣ ಗಾಳಿ ಮೆಲ್ಲಗೆ ಬೀಸ್ತು. ನಮ್ಮ ಯೋಚನೆ ಕೈಗೂಡಿತು ಅಂದ್ಕೊಂಡು ಲಂಗರು ಎತ್ತಿದ್ರು. ನಾವಾಗಿದ್ರೆ ಅದನ್ನ ಕನ್‌ಫರ್ಮೇಷನ್ ಅಂತ ಸ್ಟೇಟಸ್ ಹಾಕ್ತಿದ್ವಿ. ಸ್ವಲ್ಪ ಹೊತ್ತಿಗೆ ಈಶಾನ್ಯದ ಬಿರುಗಾಳಿ ಹೊಡೀತು. ಹದಿನಾಲ್ಕು ರಾತ್ರಿ ತೇಲಾಡಿದ್ರು.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಮಾತು. 24ನೇ ವಚನದಲ್ಲಿ ದೇವದೂತ ಬಂದು ಪೌಲನಿಗೆ ಭರವಸೆ ಕೊಡ್ತಾನೆ, ಜೊತೆಗಿರೋ ಎಲ್ಲರ ಪ್ರಾಣವೂ ಉಳಿಯುತ್ತೆ ಅಂತ. ವಾಗ್ದಾನ ಸಿಕ್ಕಿತು. ಹಲ್ಲೆಲೂಯಾ! ಆದರೆ 31ನೇ ವಚನದಲ್ಲಿ, ನಾವಿಕರು ಸಣ್ಣ ದೋಣಿ ಇಳಿಸಿ ತಪ್ಪಿಸಿಕೊಳ್ಳೋಕೆ ನೋಡಿದಾಗ, ಅದೇ ಪೌಲ ಸೈನಿಕರಿಗೆ ಹೇಳ್ತಾನೆ: ಇವರು ಹಡಗಲ್ಲಿ ಇರದಿದ್ರೆ ನೀವು ಬದುಕೋಕಾಗಲ್ಲ. ದೂತ ಹೇಳಿಯಾಗಿದೆಯಲ್ಲ, ಇನ್ನು ನಾವಿಕರು ಯಾಕೆ ಬೇಕು? ಪೌಲ ಹಾಗೆ ಕೇಳಲಿಲ್ಲ. ವಾಗ್ದಾನ ಕೊಟ್ಟ ದೇವರೇ ಹಗ್ಗ ಹಿಡಿಯೋ ಕೈಗಳನ್ನೂ ಕೊಟ್ಟಿದ್ದಾನೆ ಅಂತ ಅವನಿಗೆ ಗೊತ್ತಿತ್ತು.

ನಿಮ್ಮಲ್ಲಿ ಒಬ್ಬರು ಬುಧವಾರ ನನಗೆ ಫೋನ್ ಮಾಡಿದ್ರು. ಅವರ ಅನುಮತಿ ತಗೊಂಡೇ ಹೇಳ್ತಿದೀನಿ, ಹೆಸರು ಹೇಳಲ್ಲ. ಸ್ಕೂಬಾಕ್ಕೆ ಆರೋಗ್ಯದ ಫಾರಂ ತುಂಬಬೇಕು, ಅದರಲ್ಲಿ ಆಸ್ತಮಾ ಇದೆಯಾ ಅಂತ ಪ್ರಶ್ನೆ. "ಪಾಸ್ಟರ್, ಉಪವಾಸ ಪ್ರಾರ್ಥನೇಲಿ ನನಗೆ ಸ್ವಸ್ಥತೆ ಆಗಿದೆ ಅಂತ ಸಾಕ್ಷಿ ಹೇಳಿದ್ದೀನಿ. ಈಗ 'ಹೌದು' ಅಂತ ಬರೆದ್ರೆ ನನ್ನ ಸಾಕ್ಷಿ ಸುಳ್ಳಾಗಲ್ವಾ?" ಇನ್‌ಹೇಲರ್ ಇನ್ನೂ ಬ್ಯಾಗಲ್ಲಿದೆ.

ಪ್ರಿಯರೇ, ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಎಳೆದ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತೆ. ಶ್ವಾಸನಾಳ ಬಿಗಿದುಕೊಂಡಿದ್ರೆ ಆ ಗಾಳಿಗೆ ಹೊರಗೆ ಬರೋಕೆ ದಾರಿ ಇರಲ್ಲ, ಶ್ವಾಸಕೋಶವೇ ಹರೀಬಹುದು. ನಿಮ್ಮನ್ನು ಕಾಪಾಡೋಕೆ ಧುಮುಕೋ ಇನ್‌ಸ್ಟ್ರಕ್ಟರ್‌ಗೂ ಮನೇಲಿ ಹೆಂಡತಿ ಮಕ್ಕಳಿರ್ತಾರೆ. ಅದಕ್ಕೇ ಆ ಪ್ರಶ್ನೆ ಇರೋದು.

ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿ ಶುದ್ಧಮಾಡಿದ ಮೇಲೆ ಏನು ಹೇಳಿದ್ರು? ಹೋಗಿ ಯಾಜಕನಿಗೆ ತೋರಿಸಿಕೋ ಅಂದ್ರು. ಪರೀಕ್ಷಿಸಿ ಹೇಳೋ ಅಧಿಕಾರ ಅವತ್ತು ಯಾಜಕನದು. ಇವತ್ತು ಡಾಕ್ಟರ್ ಹತ್ತಿರ ಹೋಗಿ. 'ಹೌದು' ಅಂತ ಬರೀರಿ, ಡಾಕ್ಟರ್ ಸಹಿ ಹಾಕಿದ್ರೆ ಇಳೀರಿ. ಹಾಕದಿದ್ರೆ ನನ್ನ ಜೊತೆ ಬೋಟಲ್ಲಿ ಕೂತ್ಕೊಳ್ಳಿ, ಚುರುಮುರಿ ತಿನ್ನೋಣ. ಫಾರಂ ಮೇಲೆ ಸುಳ್ಳು ಬರೆಸೋ ಸಾಕ್ಷಿ ಪವಿತ್ರಾತ್ಮನಿಂದ ಬಂದದ್ದಲ್ಲ.

ಈಜು ಬರದವರಿಗೂ ಒಂದು ಮಾತು. 43, 44ನೇ ವಚನ ಓದಿ. ಈಜು ಬರೋರು ಮೊದಲು ಹಾರಲಿ, ಮಿಕ್ಕವರು ಹಲಗೆ ಹಿಡಿದು ಬರಲಿ ಅಂತ ಶತಾಧಿಪತಿ ಹೇಳ್ತಾನೆ. 276 ಜನ. ಹಲಗೆ ಹಿಡಿದವರನ್ನು ಯಾರೂ ನಗಲಿಲ್ಲ, ಅವರೂ ಅದೇ ದಡಕ್ಕೆ ಸೇರಿದ್ರು. ನಿಮ್ಮ ಹಲಗೆ ಲೈಫ್ ಜಾಕೆಟ್. ಸೆಲ್ಫೀಗೂ ಬಿಚ್ಚಬೇಡಿ.

ಹಾಗಾಗಿ ಹಿರಿಯರ ಜೊತೆ ಕೂತು ತೀರ್ಮಾನ ಮಾಡಿದೀವಿ. ಹಿಂದಿನ ದಿನ ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟಿದ್ರೆ ಬೋಟ್ ಇಲ್ಲ. ಬೆಳಿಗ್ಗೆ ಬೋಟಿನ ತಾಂಡೇಲ ಬೇಡ ಅಂದ್ರೆ ಪೋಲ್ ಇಲ್ಲ, ಚರ್ಚೆ ಇಲ್ಲ, ನಾನು ಹೇಳಿದ್ರೂ ಇಲ್ಲ. ಕೊಟ್ಟ ಅಡ್ವಾನ್ಸ್ ಹೋದ್ರೆ ಹೋಗಲಿ. ಆವತ್ತು ದಡದಲ್ಲೇ ಆರಾಧನೆ ಮಾಡ್ತೀವಿ. ಕರಾವಳಿ ಕಾವಲು ಪಡೆಯ ತುರ್ತು ನಂಬರ್ 1554, ಈಗಲೇ ಸೇವ್ ಮಾಡಿ. ಬರೋರ ಹೆಸರು, ಮನೆಯವರ ನಂಬರ್ ಇರೋ ಪಟ್ಟಿ ಒಂದು ದಡದಲ್ಲಿ ಇರುತ್ತೆ. ಅಪ್ಪ ಅಮ್ಮನಿಗೆ ಹೇಳದೆ ಬರೋ ಪ್ಲಾನ್ ಇರೋರು... ಯಾರು ಅಂತ ನನಗೆ ಗೊತ್ತು.

ಎದ್ದು ನಿಲ್ಲೋಣ. ಈ ಹೊತ್ತಲ್ಲೂ ಕಡಲಲ್ಲಿ ಬಲೆ ಬಿಟ್ಟುಕೊಂಡು ಇರೋರಿದ್ದಾರೆ. ಮೊದಲು ಅವರಿಗಾಗಿ ಪ್ರಾರ್ಥಿಸೋಣ. ನಮ್ಮ ಟ್ರಿಪ್ ಆಮೇಲೆ.