ಗೃಹಕಲಹವೂ ಮಕ್ಕಳ ಕಾಯವೂ

ಕಾಯವನ್ನು ಹೇಯವೆಂದು ಕಳೆಯದೆ ಶಿವನ ನೆಲೆಯೆಂದು ಗೌರವಿಸಿದುದು ಶರಣಧರ್ಮದ ವೈಶಿಷ್ಟ್ಯವು. ಇಷ್ಟಲಿಂಗಧಾರಣೆಯಲ್ಲಿ ಬಸವಾದಿ ಪ್ರಮಥರು ಸ್ತ್ರೀಪುರುಷರೆಂಬ ಭೇದವನ್ನೆಣಿಸಲಿಲ್ಲ. ಹೀಗಿರಲು, ಪ್ರಾತಃಕಾಲದಲ್ಲಿ ಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿಕೊಂಡು ಪೂಜಿಸಿದ ಕೈಯೇ ಸಾಯಂಕಾಲ ಮಡದಿಯ ಮೇಲೆ ಏಳುವುದಾದರೆ, ಆ ಪೆಟ್ಟು ಬೀಳುವುದು ಲಿಂಗವನ್ನು ಧರಿಸಿದ ಮತ್ತೊಂದು ಅಂಗದ ಮೇಲೆಯೇ. ಭಕ್ತನು ಇದನ್ನು ಮನೆಯ ಮಾತೆಂದು ಮುಚ್ಚಿಡುತ್ತಾನೆ. ಆದರೆ ಬಾಗಿಲ ಮರೆಯಲ್ಲಿ ಮಗನೂ ಮಗಳೂ ನಿಂತಿರುತ್ತಾರೆ. ಇದು ಎಲ್ಲಿಯೋ ಅಪರೂಪವಾಗಿ ನಡೆಯುವ ಸಂಗತಿಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ 44 ಮಂದಿ ಪತಿಯಿಂದ ಹಿಂಸೆಗೊಳಗಾದುದಾಗಿ ತಿಳಿಸಿದರು.

ಮರೆಯಲ್ಲಿ ನಿಂತ ಆ ಮಕ್ಕಳು ಪ್ರಾಯಕ್ಕೆ ಬಂದಾಗ, ಕಂಡ ಪೆಟ್ಟು ಇಬ್ಬರಲ್ಲಿಯೂ ಒಂದೇ ಬಗೆಯಾಗಿ ತೋರುವುದಿಲ್ಲ. ಮಗನಲ್ಲಿ ಅದು ಬಹುಧಾ ಹೊರಮುಖವಾಗಿ ಹರಿಯುತ್ತದೆ: ಮದ್ಯಪಾನ, ಮುಂಗೋಪ, ಹೊಡೆದಾಟ, ಪ್ರಾಣದ ಪರಿವೆಯಿಲ್ಲದ ವಾಹನಚಾಲನೆ. ಮಗಳಲ್ಲಿ ಅದು ಬಹುಧಾ ಒಳಮುಖವಾಗುತ್ತದೆ: ನಿದ್ರಾನಾಶ, ಕಾರಣ ಕಾಣದ ತಲೆನೋವು, ಖಿನ್ನತೆ, ಹೆಜ್ಜೆಯ ಸದ್ದಿಗೂ ಬೆಚ್ಚುವ ಭಯ. ಹೆತ್ತವರಾದರೋ ಮಗನನ್ನು ಬಿಸಿರಕ್ತದ ಗಂಡುಹುಡುಗನೆನ್ನುತ್ತಾರೆ. ಮಗಳನ್ನು ಬಲು ಸಾಧು ಹುಡುಗಿಯೆಂದು ನೆಂಟರ ಮುಂದೆ ಹೊಗಳುತ್ತಾರೆ. ಎರಡು ವ್ಯಾಧಿಗಳಿಗೆ ಎರಡು ಗುಣಗಳ ಹೆಸರಿಟ್ಟಂತಾಯಿತು!

ವೈದ್ಯರ ಅನ್ವೇಷಣೆಯೂ ಇದಕ್ಕೆ ಪೋಷಕವಾಗಿದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಘೋರ ಆಘಾತಗಳನ್ನು ಕಂಡವರು ಪುರುಷರಲ್ಲಿ ನೂರಕ್ಕೆ 61, ಸ್ತ್ರೀಯರಲ್ಲಿ 51. ಆದರೆ ಆಘಾತವು ಮನೋವ್ಯಾಧಿಯಾಗಿ ನೆಲೆಸಿದುದು ಸ್ತ್ರೀಯರಲ್ಲಿ ನೂರಕ್ಕೆ 10, ಪುರುಷರಲ್ಲಿ 5. ಹೆಣ್ಣು ಅಬಲೆಯೆಂಬುದು ಇದರ ಅರ್ಥವಲ್ಲ; ಅತ್ಯಾಚಾರದಂತಹ, ಬಾಲ್ಯದಲ್ಲಿಯೇ ತಟ್ಟುವ ಆಘಾತಗಳು ಅವಳ ಪಾಲಿಗೆ ಹೆಚ್ಚಾಗಿ ಬಂದಿದ್ದವು. 1998ರ ಮತ್ತೊಂದು ಅಧ್ಯಯನವು ತಾಯಿಗೆ ಬಿದ್ದ ಪೆಟ್ಟನ್ನು ಕೂಡ ಮಗುವಿನ ಬಾಲ್ಯಸಂಕಟಗಳಲ್ಲಿ ಒಂದೆಂದು ಎಣಿಸಿತು. ಅಂತಹ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟಗಳನ್ನುಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾಪ್ರಯತ್ನಗಳ ಅಪಾಯವು 4ರಿಂದ 12 ಪಟ್ಟು ಅಧಿಕವಾಗಿತ್ತು.

ಒಳಗಿರುವ ಆತ್ಮಕ್ಕೆ ಹೆಣ್ಣುಗಂಡೆಂಬುದಿಲ್ಲವೆಂದು ಜೇಡರ ದಾಸಿಮಯ್ಯನು ಕಂಡುಕೊಂಡನು. ಹಾಗಿದ್ದಲ್ಲಿ ಈ ಭೇದವೆಲ್ಲಿಂದ? ಶರೀರಧರ್ಮದ ಪಾಲು ಎಷ್ಟೇ ಇರಲಿ, ಲೋಕರೂಢಿಯ ಪಾಲು ಕಡಮೆಯಲ್ಲ. ಅತ್ತ ಮಗನನ್ನು ನಗೆಗೀಡುಮಾಡಿ, ಸಿಟ್ಟಾದ ಮಗಳನ್ನು ಗದರಿಸಿ ಕೂರಿಸಿದುದು ಮನೆಯೇ. ಮಗನೂ ಒಳಗೆ ಹೆದರಿರುತ್ತಾನೆ. ಅವನ ಕುಡಿತದ ತಳದಲ್ಲಿ ಬಹುಸಾರಿ ಇರುವುದು ಆ ಭಯವೇ.

ಕೌಶಿಕನ ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣವಾಗಿಯೇ ಪರೀಕ್ಷಿಸಿದರು. ಆದರೆ ಅರಮನೆಗೆ ಮರಳೆಂದು ಅಟ್ಟಲಿಲ್ಲ. ಅವಳ ನುಡಿಯನ್ನು ಆಲಿಸಿ ಶರಣರು ಅವಳನ್ನು ಅಕ್ಕನೆಂದು ಕರೆದರು. ಇಂದು ಪೆಟ್ಟು ತಿಂದು ತವರಿಗೆ ಬಂದವಳಿಗೆ ಊರ ಹಿರಿಯರು ಹೇಳುವುದು, ಹೊಂದಿಕೊಂಡು ಬಾಳಮ್ಮಾ ಎಂದು. ಅವಳು ಹಿಂದಿರುಗುತ್ತಾಳೆ, ಅವಳ ಹಿಂದೆ ಆ ಇಬ್ಬರು ಮಕ್ಕಳೂ ಅದೇ ಬಾಗಿಲನ್ನು ಮತ್ತೆ ಹೊಗುತ್ತಾರೆ. ಅನ್ಯಾಯವನ್ನು ಸಹಿಸದಿರುವುದೇ ಗಣಾಚಾರವೆಂದು ಬಲ್ಲ ಹಿರಿಯರು, ಅವಳ ರಕ್ಷಣೆಗೆ 2005ರ ಕಾಯಿದೆಯಿರುವುದನ್ನಾದರೂ ತಿಳಿಸಬಹುದಾಗಿತ್ತು. ಕುಡಿಯುವ ಮಗನನ್ನೂ ನಿದ್ರೆಬಾರದ ಮಗಳನ್ನೂ ವೈದ್ಯರಲ್ಲಿಗೆ ಕರೆದೊಯ್ಯಲು ಸಂಕೋಚಪಡುವ ಭಕ್ತರಿಗೆ, ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿಯಿದೆ. ಅದರ ಸಂಖ್ಯೆ 14416.